ಆಷಾಢದಲ್ಲಿ ಕಲಿತ ಕಾವಲು

ಶ್ರಾವಣದ ಮೊದಲ ಶುಕ್ರವಾರ ಬೆಳಿಗ್ಗೆ ತುಮಕೂರಿನ ಆ ಮನೆಯ ಬಾಗಿಲು ಸೊಸೆಯ ಮುಖ ಕಂಡರೂ ತೆರೆದುಕೊಳ್ಳಲಿಲ್ಲ. ತನ್ಮಯಿ ಅಂಗೈ ಒತ್ತಿದಳು, ಹೆಸರು ಹೇಳಿದಳು. ಬಾಗಿಲ ಪಕ್ಕದ ಧ್ವನಿಪೆಟ್ಟಿಗೆ ಬಹಳ ಮರ್ಯಾದೆಯಿಂದ, "ಕ್ಷಮಿಸಿ, ತಾವು ಈ ಮನೆಗೆ ಸೇರಿದವರಲ್ಲ" ಎಂದಿತು.

ಒಳಗೆ ಹೂ ಬಿಡಿಸುತ್ತ ಕೂತಿದ್ದ ಅತ್ತೆ ಸುಚೇತಾಗೆ ಅದು ಕೇಳಿ ನಗು ಬಂತು. ಮನೆಯ ಕಂಪ್ಯೂಟರಿಗೆ ತಾನೇ ಆರಿಸಿ ತಂದ ಕಾವಲು ಎಷ್ಟು ಚುರುಕಾಗಿದೆ ಎಂದು ಒಳಗೊಳಗೇ ಬೀಗಿದಳು ಕೂಡ. ಎದ್ದು ಹೋಗಿ ಚಿಲಕವನ್ನು ಕೈಯಿಂದಲೇ ತೆಗೆದಳು.

"ಬಾಮ್ಮ. ಇದಕ್ಕೆ ಇನ್ನು ನಿನ್ನ ಗುರುತು ಹಿಡಿಸಬೇಕು. ಅಪ್ಪ ಹೇಗಿದಾರೆ?"

ತನ್ಮಯಿ ಹೊಸ್ತಿಲಲ್ಲೇ ನಿಂತಳು. ಮದುವೆಯಾಗಿ ಮೂರು ತಿಂಗಳಾಗಿತ್ತು. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಮನೆಯಲ್ಲಿರಬಾರದು, ಅಳಿಯ ಮಾವನ ಮನೆಯ ಹೊಸ್ತಿಲು ತುಳಿಯಬಾರದು ಎನ್ನುವ ರೂಢಿಯಂತೆ ಅವಳು ಕೊಳ್ಳೇಗಾಲದ ತವರಿಗೆ ಹೋಗಿದ್ದಳು. ಹೋಗುವಾಗ ಮೈ ತುಂಬಿಕೊಂಡಿದ್ದ ಹುಡುಗಿಯ ಕಣ್ಣುಗಳು ಈಗ ಗುಳಿ ಬಿದ್ದಿದ್ದವು. ಕೈಯಲ್ಲಿ ಖಾಲಿ ಸೂಟ್‌ಕೇಸ್ ಇತ್ತು.

"ಅಪ್ಪ ತೀರ್ಕೊಂಡು ಎರಡು ವಾರ ಆಯ್ತು ಅತ್ತೆ," ಎಂದಳು. "ನಿಮ್ಗೂ ಗೊತ್ತು, ನಿಮ್ಮ ಮಗನಿಗೂ ಗೊತ್ತು. ನಾನು ಬಟ್ಟೆ ತಗೊಂಡು ಹೋಗೋಕೆ ಬಂದಿದೀನಿ."

ಮಗ ಅನಿಕೇತ ಕೋಣೆಯಿಂದ ಓಡಿ ಬಂದ. ತನಗೇನೂ ಗೊತ್ತಿಲ್ಲವೆಂದ. ದಿನವೂ ನಿನ್ನ ಜೊತೆ ಮಾತಾಡಿದ್ದೇನೆ, ನಿನ್ನೆ ಕೂಡ ಮಾತಾಡಿದೆ, ಹಬ್ಬಕ್ಕೆ ಬರ್ತೀಯಾ ಎಂದರೆ 'ಬರ್ತೀನಿ' ಅಂದೆಯಲ್ಲ ಎಂದ. ತನ್ಮಯಿ ಅವನನ್ನು ಅಪರಿಚಿತನನ್ನು ನೋಡುವಂತೆ ನೋಡಿದಳು. ತಾನು ಅಂದದ್ದು 'ಬಟ್ಟೆ ತಗೊಂಡು ಹೋಗೋಕೆ ಬರ್ತೀನಿ' ಎಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲವೆಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಹಾಗಾದರೆ ಅರ್ಧ ಮಾತು ಎಲ್ಲಿ ಹೋಯಿತು? ಮೂವರ ದೃಷ್ಟಿಯೂ ಗೋಡೆಯೊಳಗಿನ ಕಂಪ್ಯೂಟರಿನ ಕಡೆ ಹೊರಳಿತು.

ಆ ಕಾಲಕ್ಕೆ ಮನೆಯ ಕಂಪ್ಯೂಟರ್ ಎಂದರೆ ಮೇಜಿನ ಮೇಲೆ ಧೂಳು ಕುಡಿಯುತ್ತ ಕೂರುವ ಪೆಟ್ಟಿಗೆಯಾಗಿ ಉಳಿದಿರಲಿಲ್ಲ. ಬಾಗಿಲು, ಒಲೆ, ನೀರಿನ ಮೋಟರು, ಹೋಗಿ ಬರುವ ಪ್ರತಿಯೊಂದು ಕರೆ, ಎಲ್ಲವೂ ಅದರ ಮೂಲಕವೇ ನಡೆಯುತ್ತಿದ್ದವು. ಅದಕ್ಕೆ ವೈರಸ್ ಹೊಕ್ಕರೆ ಮನೆಗೇ ಹೊಕ್ಕಂತೆ. ಅದರಲ್ಲೂ ಹೊಸದೊಂದು ಬಗೆಯ ವೈರಸ್ ಬಂದಿತ್ತು. ಬಂಧುಗಳ ದನಿಯನ್ನೇ ಕದ್ದು, ಅಳುತ್ತ, 'ಆಸ್ಪತ್ರೆಯಲ್ಲಿದ್ದೇನೆ, ಈಗಲೇ ಹೊರಟು ಬಾ' ಎಂದು ಕರೆಯುತ್ತಿತ್ತು. ಗಾಬರಿಬಿದ್ದು ಹೊರಟವರು ಅತ್ತ ಹೋದರೆ ಇತ್ತ ಮನೆ ಖಾಲಿ. ಪಕ್ಕದ ಬೀದಿಯಲ್ಲೇ ಹೀಗಾದ ಮೇಲೆ ಸುಚೇತಾ ಆಂಟಿವೈರಸ್ ಬದಲಿಸಲು ಹೊರಟಳು.

ಬದನೆಕಾಯಿಯನ್ನೂ ಒಂದೊಂದಾಗಿ ತಿರುವಿ ನೋಡಿ ಕೊಳ್ಳುವ ಹೆಂಗಸು ಅವಳು. ಅಂಗಡಿಯವರಿಗೆ ಸಾಕುಸಾಕಾಗುವಷ್ಟು ಪ್ರಶ್ನೆ ಕೇಳಿದಳು. ಪುಕ್ಕಟೆ ಸಿಗುವುದು ಜಾಹೀರಾತಿನಿಂದ ತಲೆ ತಿನ್ನುತ್ತಿತ್ತು. ದುಬಾರಿಯದು ಇಡೀ ಕಂಪ್ಯೂಟರನ್ನೇ ನಿಧಾನ ಮಾಡುತ್ತಿತ್ತು. ಉಳಿದವೆಲ್ಲ ಪೊಲೀಸ್ ಠಾಣೆಯ ಗೋಡೆಗೆ ಹಚ್ಚಿದ ಕಳ್ಳರ ಫೋಟೋಗಳಂತೆ, ಹಿಂದೆ ಸಿಕ್ಕಿಬಿದ್ದ ವೈರಸ್‌ಗಳ ಗುರುತನ್ನಷ್ಟೇ ಇಟ್ಟುಕೊಂಡಿರುತ್ತಿದ್ದವು. ಹೊಸ ಕಳ್ಳ ಎದೆಯುಬ್ಬಿಸಿ ಒಳಗೆ ನಡೆಯಬಹುದಿತ್ತು. ಅದೇ ಹೊತ್ತಿಗೆ ಊರಿನ ಸಂಶೋಧನಾಲಯದ ಡಾ. ಯಶೋಧರರು ತಾವು ಕಂಡುಹಿಡಿದ 'ಹೊಸ್ತಿಲು' ಎಂಬ ಕಾವಲನ್ನು ಕೆಲವು ಮನೆಗಳಲ್ಲಿ ಪರೀಕ್ಷೆಗೆ ಇಡುತ್ತಿದ್ದರು. ಸುಚೇತಾ ಅವರನ್ನೂ ಬಿಡಲಿಲ್ಲ.

ಯಶೋಧರರು ತಾಳ್ಮೆಯಿಂದ ವಿವರಿಸಿದ್ದರು. ನಮ್ಮ ಎದೆಯ ಮೂಳೆಯ ಹಿಂದೆ ಥೈಮಸ್ ಎಂಬ ಪುಟ್ಟ ಗ್ರಂಥಿಯಿದೆ. ರಕ್ತದ ಕೆಲವು ಬಿಳಿ ಕಣಗಳು ಅಲ್ಲಿ ಪಾಠ ಕಲಿಯುತ್ತವೆ. ಅವು ಕಲಿಯುವುದು ಶತ್ರುವಿನ ಗುರುತನ್ನಲ್ಲ, ನಮ್ಮದು ಯಾವುದು ಎಂಬುದನ್ನು. ನಮ್ಮದಲ್ಲದ್ದರ ಮೇಲೆ ಆಮೇಲೆ ಬೀಳುತ್ತವೆ. ಹೊಸ್ತಿಲೂ ಹಾಗೆಯೇ ಮೊದಲ ಒಂದು ತಿಂಗಳು, ಕಾವಲು ಕಾಯುತ್ತಲೇ, ಮನೆಯವರ ದನಿ, ನಡಿಗೆ, ಮಾತಿನ ರೀತಿಯನ್ನು ಕಲಿಯುತ್ತದೆ. ಆದ್ದರಿಂದ ನೆಂಟರಿಷ್ಟರ ಗದ್ದಲವಿಲ್ಲದ ಕಾಲ ನೋಡಿ ಶುರು ಮಾಡಿ ಎಂದು ಅವರು ಹೇಳಿದಾಗ ಸುಚೇತಾ ಕ್ಷಣವೂ ಯೋಚಿಸಲಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಯಾರೂ ಬರುವುದಿಲ್ಲ. ಅದಕ್ಕಿಂತ ಒಳ್ಳೆಯ ತಿಂಗಳು ಬೇರೆ ಯಾವುದಿದೆ?

ಈಗ ಅನಿಕೇತ ಕರೆ ಮಾಡಿದ ಅರ್ಧ ಗಂಟೆಯಲ್ಲಿ ಯಶೋಧರರು ಬಂದರು. ಬರುವಾಗ ಅವರ ಮುಖದಲ್ಲಿ ಇದ್ದದ್ದು ಸಣ್ಣ ದೋಷವೊಂದನ್ನು ಸರಿಪಡಿಸಲು ಬಂದವರ ನಿರಾಳ. ಗೋಡೆಯ ಪರದೆ ತೆರೆದು ಕಾಲು ಗಂಟೆ ನೋಡುವಷ್ಟರಲ್ಲಿ ಆ ನಿರಾಳ ಇಳಿದುಹೋಯಿತು. ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

"ಶುರುವಿನಲ್ಲಿ ಇದು ಒಂದು ಪ್ರಶ್ನೆ ಕೇಳಿರುತ್ತೆ, ಈ ಮನೆಗೆ ಸೇರಿದವರು ಯಾರು ಯಾರು ಅಂತ. ಏನು ಹೇಳಿದ್ರಿ ಮೇಡಂ?"

ಸುಚೇತಾಗೆ ನೆನಪಾಯಿತು. ಒಗ್ಗರಣೆಗೆ ಸಾಸಿವೆ ಹಾಕುತ್ತ ಹೇಳಿದ್ದಳು. ನಾನು, ನನ್ನ ಮಗ, ಇಬ್ಬರೇ ಎಂದಿದ್ದಳು. ಸೊಸೆಯ ಮೇಲೆ ಕೋಪವಿದ್ದು ಬಿಟ್ಟದ್ದಲ್ಲ, ಬೇಕೆಂದು ಬಿಟ್ಟದ್ದಂತೂ ಅಲ್ಲವೇ ಅಲ್ಲ. ಆ ಹೊತ್ತಿಗೆ ಅವಳು ಮನೆಯಲ್ಲಿರಲಿಲ್ಲ, ಅಷ್ಟೇ. ಈಗ ಅದನ್ನು ಸೊಸೆಯ ಎದುರು ಹೇಳಬೇಕಾಗಿ ಬಂತು. ಹೇಳಿದಳು, ನೆಲ ನೋಡುತ್ತ ಹೇಳಿದಳು.

ಯಶೋಧರರು ಉಳಿದುದನ್ನು ಬಿಡಿಸಿಟ್ಟರು. ತನ್ಮಯಿಯ ದನಿ ಹೊಸ್ತಿಲಿಗೆ ಹೊರಗಿನದಾಗಿತ್ತು. ಆದರೆ ಅನಿಕೇತ ತಾನಾಗಿಯೇ ದಿನವೂ ಆ ದನಿಗೆ ಕರೆ ಮಾಡುತ್ತಿದ್ದ. ಆದ್ದರಿಂದ ಅದು ಕರೆಯನ್ನು ಕಡಿಯಲಿಲ್ಲ. ವೈರಸ್ ತಗಲಿದ ಕಡತವನ್ನು ಆಂಟಿವೈರಸ್ ಅಳಿಸದೆ, ಕೆಟ್ಟ ಭಾಗ ತೆಗೆದು ಉಳಿದುದನ್ನು ಒಡೆಯನಿಗೆ ಮರಳಿಸುವುದುಂಟು. ಹೊಸ್ತಿಲು ಅವಳ ಮಾತಿಗೂ ಅದನ್ನೇ ಮಾಡಿತ್ತು. ಅಳು, ಅವಸರ, 'ಈಗಲೇ ಹೊರಟು ಬಾ' ಎಂಬ ಕರೆ, ಇವೆಲ್ಲ ದನಿಗಳ್ಳ ವೈರಸ್‌ನ ಲಕ್ಷಣಗಳೆಂದು ಅದಕ್ಕೆ ಕಲಿಸಿದವರು ಸ್ವತಃ ಯಶೋಧರರೇ. ಅವನ್ನು ಕತ್ತರಿಸಿತು. ಬಿದ್ದ ತೂತನ್ನು ಅವಳ ಹಿಂದಿನ ಕರೆಗಳ ಮಾತಿನಿಂದ ತುಂಬಿತು. ಅವಳ ಅಣ್ಣನ ಕರೆಗಳನ್ನಂತೂ ಬಾಗಿಲಲ್ಲೇ ತಡೆದಿತ್ತು. ಅನಿಕೇತನ ಮಾತು ಮನೆಯವನದಾದ್ದರಿಂದ ಇದ್ದಂತೆಯೇ ಹೊರಗೆ ಹೋಗಿತ್ತು.

ಕತ್ತರಿಸಿದ್ದನ್ನು ಅಳಿಸುವುದಿಲ್ಲ, ಬೇರೆ ಕಡೆ ಬಂಧಿಸಿಡುತ್ತದೆ ಎಂದು ಅವರು ಹೇಳಿದರು. ಕೇಳಬೇಕೇ ಎಂದೂ ಕೇಳಿದರು. ಬೇಡವೆನ್ನಲು ಯಾರಿಗೂ ಧೈರ್ಯವಾಗಲಿಲ್ಲ.

ಮೊದಲು ಅನಿಕೇತ ಆ ದಿನ ಕೇಳಿದ್ದು ಬಂತು. ತನ್ಮಯಿಯ ದನಿ ಹಗುರವಾಗಿ, "ಅನಿ, ಊಟ ಆಯ್ತು, ಮಲ್ಕೋತೀನಿ" ಎಂದಿತು. ಅವನು, "ಸರಿ ಚಿನ್ನ, ಹುಷಾರು. ನಾಳೆ ಮಾತಾಡೋಣ" ಎಂದಿದ್ದ. ಆಮೇಲೆ ಅವಳು ನಿಜಕ್ಕೂ ಆಡಿದ್ದು ಬಂತು.

"ಅನಿ, ಅಪ್ಪ ಹೋಗ್ಬಿಟ್ರು. ಕೈ ಇನ್ನೂ ಬೆಚ್ಚಗಿದೆ ಅನಿ. ಬೇಗ ಬಾ."

ಅದಕ್ಕೂ ಅದೇ ಉತ್ತರ. ಸರಿ ಚಿನ್ನ, ಹುಷಾರು.

ಅನಿಕೇತ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿದ. ಈ ಮಾತನ್ನು ಹೆಣದ ಪಕ್ಕ ಕೂತು ಕೇಳಿಸಿಕೊಂಡ ಹುಡುಗಿ, ಅವನ ಹೆಂಡತಿ, ಎದುರಿಗೇ ನಿಂತಿದ್ದಳು. ಆಮೇಲೆಯೂ ಅವನು ದಿನವೂ ಕರೆ ಮಾಡಿದ್ದ; ಮಾವ ಆರಾಮಾ ಎಂದೂ ಒಂದು ದಿನ ಕೇಳಿದ್ದ. ಆಗ ಅವಳು ಅತ್ತದ್ದನ್ನು ತೆಗೆದು ಹೊಸ್ತಿಲು ಅವಳ ದನಿಯಲ್ಲೇ 'ಹ್ಞೂಂ, ಆರಾಮ' ಎಂದು ಸೇರಿಸಿತ್ತು. ತನ್ನ ಮನೆಯಲ್ಲಿ, ತಾನು ಆರಿಸಿ ತಂದ ವಸ್ತು, ತನ್ನ ಒಲೆಯ ಎದುರಿನ ಗೋಡೆಯಲ್ಲಿ ಕೂತು ಒಂದು ಮಗುವಿನ ದುಃಖವನ್ನು ಹೀಗೆ ಕತ್ತರಿಸಿದೆಯೆಂದು ನಂಬುವುದೇ ಸುಚೇತಾಗೆ ಕಷ್ಟವಾಯಿತು.

ಯಶೋಧರರು ಕ್ಷಮೆ ಕೇಳಿದರು. ಪರೀಕ್ಷೆಗಿಟ್ಟ ಎಲ್ಲ ಮನೆಗಳಿಂದಲೂ ಇದನ್ನು ಇವತ್ತೇ ತೆಗೆಸುತ್ತೇನೆ ಎಂದರು. ಮೂವರ ಕಣ್ಣೆದುರೇ ಹೊಸ್ತಿಲನ್ನು ಪೂರ್ತಿ ಅಳಿಸಿದರು. ಆದರೂ ಏಳಲಿಲ್ಲ. ತಲೆಯಲ್ಲಿ ಏನೋ ಕೊರೆಯುತ್ತಿತ್ತು.

"ನನ್ನ ತಪ್ಪು ನನಗೆ ಅರ್ಥ ಆಗುತ್ತೆ. ಒಂದು ಮಾತ್ರ ಅರ್ಥ ಆಗ್ತಿಲ್ಲ. ಅದು ತುಂಬಿದ ಮಾತು ಬರೀ ಹತ್ತಿಪ್ಪತ್ತು. ಊಟ ಆಯ್ತು, ಚೆನ್ನಾಗಿದೀನಿ, ಬರ್ತೀನಿ. ಅದನ್ನೇ ತಿರುಗಿಸಿ ಮುರುಗಿಸಿ ಹಾಕಿದೆ. ಇಷ್ಟು ದಿನ ನಿಮಗೆ ಅನುಮಾನ ಬರಲಿಲ್ವಾ?"

ಸುಚೇತಾ ನಿಜ ಹೇಳಿದಳು. ಅನುಮಾನ ಬರಲಿಲ್ಲ, ಸೊಸೆ ಹೊಂದಿಕೊಂಡಳು ಎಂದು ಸಂತೋಷವಾಗಿತ್ತು, ಪಕ್ಕದ ಮನೆಯವರ ಹತ್ತಿರ ಹೊಗಳಿದ್ದೂ ಆಗಿತ್ತು. ಯಶೋಧರರು ಕನ್ನಡಕ ಹಾಕಿಕೊಂಡು ಹೊರಟುಹೋದರು.

ತನ್ಮಯಿ ಕೂಡಲೇ ಹೊರಡಲಿಲ್ಲ. ಸೂಟ್‌ಕೇಸನ್ನು ತುಂಬಲೂ ಇಲ್ಲ, ಒಳಗಿಡಲೂ ಇಲ್ಲ. ಉಳಿಯಬೇಕೋ ಬಿಡಬೇಕೋ ಎಂಬುದು ಅವಳಿಗೇ ತಿಳಿಯುತ್ತಿರಲಿಲ್ಲ. ಅನಿಕೇತ ಕೊಳ್ಳೇಗಾಲಕ್ಕೆ ಹೊರಡಲು ಗಾಡಿ ತರಲು ಹೋಗಿದ್ದ. ನಿನ್ನ ಅಮ್ಮನ ಕಾಲಿಗೆ ಬೀಳಬೇಕು, ಆಮೇಲೆ ನೀನು ಏನು ತೀರ್ಮಾನಿಸಿದರೂ ಸರಿ ಎಂದಿದ್ದ. ಅತ್ತೆ ಸೊಸೆ ಇಬ್ಬರೇ ಅಡುಗೆಮನೆಯಲ್ಲಿ ಕೂತರು. ಸುಚೇತಾ ಬಿಸಿ ಅನ್ನ ಬಡಿಸಿದಳು. ತನ್ಮಯಿ ಕಲೆಸಿದವಳು ತುತ್ತೆತ್ತಲಿಲ್ಲ. ಅಪ್ಪ ಕೊನೆಯ ದಿನ ಮಗ್ಗದ ಮನೆಗೆ ಹೋಗಬೇಕೆಂದು ಹಟ ಮಾಡಿದ್ದರಂತೆ. ಅಣ್ಣ ಎತ್ತಿಕೊಂಡು ಹೋಗಿ ಕೂರಿಸಿದನಂತೆ. ಅಳಿಯನಿಗೆ ಅಂತ ನೇಯ್ದಿದ್ದ ಪಂಚೆಯ ಅಂಚನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತ, ಅವನು ಬಂದನಾ ಎಂದು—

ಅವಳ ದನಿ ಒಡೆಯಿತು. ಸುಚೇತಾ ಕೈ ಚಾಚಿ ಅವಳ ಬೆನ್ನು ಸವರಿದಳು.

"ಇರ್ಲಿ ಬಿಡಮ್ಮ, ಈಗ ಅದೆಲ್ಲ ಯಾಕೆ. ಅಳಬಾರದು. ಊಟ ಮಾಡು."

ತನ್ಮಯಿ ಕಣ್ಣೊರೆಸಿಕೊಂಡು ಅತ್ತೆಯ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಗೊಂದಲವಿತ್ತು.

"ಅತ್ತೆ," ಎಂದಳು, "ಆ ಹೊಸ್ತಿಲನ್ನ ಪೂರ್ತಿ ತೆಗೆದ್ರು ತಾನೆ?"