ಡೊಮೈನಿನ ಒಡೆಯ

ತಾರ್ನಾಕದಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು ನಾನು. ರೊಟ್ಟಿ ಮಾರುವ ನನ್ನ ವೆಬ್‌ಸೈಟಿನ ಡೊಮೈನ್, ಅಂದರೆ ಅದರ ವಿಳಾಸ, ಮಾತ್ರ ಗಂಡನ ಹೆಸರಿನಲ್ಲಿ, ಅವರ ಫೋನ್ ನಂಬರಿನಲ್ಲಿತ್ತು. "ಹೆಣ್ಮಕ್ಕಳ ನಂಬರ್ ಮಂದಿಗೆ ಯಾಕ ಬೇಕು?" ಎಂದಿದ್ದರು. ಅವರು ತೀರಿಕೊಂಡ ಮೇಲೆ ಸಮಾಧಿಯಲ್ಲಿ ಕೂರಿಸಿದಾಗ ಮೈದುನ ಭೀಮಾಶಂಕರ, ಅಣ್ಣನಿಗೆ ಪ್ರೀತಿಯದೆಂದು ಆ ಫೋನನ್ನೂ ತೊಡೆಯ ಮೇಲಿಟ್ಟು ಮಣ್ಣು ಮುಚ್ಚಿಸಿದ.

ಡೊಮೈನ್ ನನ್ನ ಹೆಸರಿಗೆ ಮಾಡಿಕೊಡಿ ಎಂದು ಅದನ್ನು ಕೊಟ್ಟ ಕಂಪನಿಗೆ ಅವರ ಮರಣ ಪ್ರಮಾಣಪತ್ರ ಕಳಿಸಿದೆ. ಆ ಮಧ್ಯಾಹ್ನ ಒಲೆ ಉರಿಯುತ್ತಿದ್ದರೂ ಅಡುಗೆಮನೆ ತಣ್ಣಗಿತ್ತು. ಹಸಿಮಣ್ಣಿನ ವಾಸನೆ ಬರುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಬೇಯಲೇ ಇಲ್ಲ. ಅಷ್ಟರಲ್ಲಿ ಕಂಪನಿಯ ಹುಡುಗಿ ಫೋನ್ ಮಾಡಿದಳು.

"ಮೇಡಂ, ಓನರ್ ನಂಬರಿಗೆ ಫೋನ್ ಮಾಡಿದ್ವಿ, ಅವರೇ ಓಟಿಪಿ ಹೇಳಿದ್ರು. ಹೆಸರು ಬದಲಾಯಿಸೋದು ಬೇಡವಂತೆ."

"ಯಾವ ಓನರ್ ರೀ? ಅವರು ಸತ್ತಾರ!"

"ಹೀಗೇ ಹೇಳ್ತಾಳೆ ಅಂದ್ರು, ಮೇಡಂ. ಮೊದಲು ನೀವು ಅವರಿಗೆ ಊಟಕ್ಕೆ ಬಡಿಸಬೇಕಂತೆ."

ಅವರು ಹೋದ ಮೇಲೆ ನಾನು ಹಾಕಿದ್ದ ನನ್ನ ಫೋಟೊ ಆ ಸಂಜೆಯಿಂದ ವೆಬ್‌ಸೈಟಿನಲ್ಲಿ ಇಲ್ಲ. ಆರ್ಡರ್‌ಗಳು ಮಾತ್ರ ಬರುತ್ತಲೇ ಇವೆ.