ಏಣಿ ಬಿದ್ದ ಪ್ರಕರಣ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ವಾಲಿಬಾಲ್ ಕೋಚ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಶಿಳ್ಳೆ ಇನ್ನೂ ಕೊರಳಲ್ಲೇ ಇತ್ತು.

"ನಮ್ಮ ಹುಡುಗನಿಗೆ ಯಾರೋ ಏನೋ ಹಾಕಿದ್ದಾರೆ ಮೇಡಂ. ಕಂಪ್ಲೇಂಟ್ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ತಲೆಯೆತ್ತಿದರು. "ಹುಡುಗ ಇದ್ದಾನಾ?"

"ಇದ್ದಾನೆ. ಆಸ್ಪತ್ರೇಲಿ. ನಿನ್ನೆ ಸಂಜೆ ಕಣ್ಣು ಬಿಟ್ಟ."

"ಹಾಗಾದ್ರೆ ಕೂತ್ಕೊಂಡೇ ಹೇಳಿ."

ಹುಡುಗನಿಗೆ ಇಪ್ಪತ್ತನಾಲ್ಕು ವರ್ಷ. ತಂಡದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಹಾರಿ ಚೆಂಡು ಬಾರಿಸುವವನು. ಅವನ ಎತ್ತರ ನೋಡಿ ಚಿಕ್ಕಂದಿನಲ್ಲೇ ಯಾರೋ ಏಣಿ ಎಂದು ಕರೆದಿದ್ದರು; ಈಗ ಪತ್ರಿಕೆಯವರೂ ಹಾಗೇ ಬರೆಯುತ್ತಿದ್ದರು. ಭಾನುವಾರ ಸಂಜೆ ಅಭ್ಯಾಸ ಪಂದ್ಯದ ಮೂರನೇ ಸೆಟ್‌ನಲ್ಲಿ ಅವನು ಹಾರಿದ, ಹೊಡೆದ, ನೆಲಕ್ಕಿಳಿದು ಎರಡು ಹೆಜ್ಜೆ ಇಟ್ಟ, ಬುಡ ಕಡಿದ ಮರದಂತೆ ಬಿದ್ದ. ಉಸಿರಿಲ್ಲ, ನಾಡಿಯಿಲ್ಲ. ಕೋಚ್ ಎದೆ ಒತ್ತತೊಡಗಿದರು. ನಿಂತ ಗುಂಡಿಗೆಗೆ ವಿದ್ಯುತ್ ಕೊಡುವ, ಕ್ರೀಡಾಂಗಣದ ಶಾಕ್ ಯಂತ್ರವನ್ನು ಯಾರೋ ತಂದು ಹಚ್ಚಿದರು. ಎರಡನೇ ಶಾಕ್‌ಗೆ ಗುಂಡಿಗೆ ಮತ್ತೆ ಬಡಿಯಿತು. ಆಮೇಲೆ ಆಂಬುಲೆನ್ಸ್ ಬಂತು.

"ಯಾರ ಮೇಲೆ ಅನುಮಾನ?"

"ಜಿಮ್ ಪಕ್ಕದ ಪೌಡರ್ ಅಂಗಡಿಯವನ ಮೇಲೆ. ಹೋದ ವಾರ ಹೊಸ ಡಬ್ಬ ಕೊಟ್ಟಿದ್ದ. ಹುಡುಗ ಸಿಗರೇಟು ಮುಟ್ಟಿದವನಲ್ಲ, ಕುಡಿದವನಲ್ಲ, ಕಲ್ಲುಗುಂಡಿನ ಹಾಗಿದ್ದ. ಅಂಥವನ ಗುಂಡಿಗೆ ಸುಮ್‌ಸುಮ್ನೆ ನಿಲ್ಲತ್ತಾ ಮೇಡಂ?"

ಆಹಾರದಲ್ಲಿ ಹಾನಿಕರ ವಸ್ತು ಬೆರೆಸಿದ ಶಂಕೆಯ ಮೇಲೆ ಎಫ್‌ಐಆರ್ ದಾಖಲಾಯಿತು.

ಜೀಪಿನಲ್ಲಿ ಹೋಗುವಾಗಲೇ ಚರ್ಚೆ ಶುರುವಾಯಿತು. ಹಿಂದೆ ಕೂತಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಪೀಠಿಕೆ ಎಂದೇ ಹೆಸರು. ಪೀಠಿಕೆಯಿಲ್ಲದೆ ಅವರು ಟೀ ಕೂಡ ಕೇಳುತ್ತಿರಲಿಲ್ಲ.

"ಮೊದಲನೇದಾಗಿ ಮೇಡಂ, ನಮ್ಮ ಕಾಲದಲ್ಲಿ ಪೌಡರ್ ಇರಲಿಲ್ಲ. ಎರಡನೇದಾಗಿ, ನಮ್ಮ ಕಾಲದಲ್ಲಿ ಯಾರೂ ಹೀಗೆ ಬೀಳ್ತಿರಲಿಲ್ಲ."

"ಬೀಳ್ತಿದ್ರು ಸರ್, ನಿಮ್ಮ ಮೊಬೈಲಿಗೆ ಬರ್ತಿರಲಿಲ್ಲ ಅಷ್ಟೆ," ಎಂದಳು ಜೀಪು ಓಡಿಸುತ್ತಿದ್ದ ಮಹಿಳಾ ಪೇದೆ. "ನಂಗನ್ಸತ್ತೆ, ಬೆವರಿದ ಮೈಗೆ ತಣ್ಣೀರು ಕುಡಿದಿರ್ತಾನೆ."

"ತಣ್ಣೀರಿಗೆ ಗುಂಡಿಗೆ ನಿಲ್ಲೋ ಹಾಗಿದ್ರೆ ನಾನು ಇಷ್ಟೊತ್ತಿಗೆ ಗೋಡೆ ಮೇಲೆ ಫೋಟೋ ಆಗಿರ್ತಿದ್ದೆ," ಎಂದರು ಪೀಠಿಕೆ.

ಇನ್ಸ್‌ಪೆಕ್ಟರ್ ಕಿಟಕಿಯಾಚೆ ನೋಡುತ್ತ ನಕ್ಕರು. ಹುಡುಗ ಬದುಕಿದ್ದಾನೆ ಎಂಬುದು ಅವರೆಲ್ಲರ ಮಾತಿಗೆ ಹಗುರ ತಂದಿತ್ತು. ಹೆಣ ಕಂಡು ಶುರುವಾಗುವ ತನಿಖೆಗಳೇ ಹೆಚ್ಚಿದ್ದ ಆ ಠಾಣೆಗೆ ಇದು ಅಪರೂಪ.

ಹನ್ನೆರಡು ಗಂಟೆಯ ಹೊತ್ತಿಗೆ ಕ್ರೀಡಾಂಗಣದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಮರದ ನೆಲ, ಎತ್ತರದ ಕಿಟಕಿಗಳು, ಒಂದು ಕಡೆ ಸಡಿಲಾದ ಬಲೆ. ಆಟಗಾರರ ಕೋಣೆಯಿಂದ ಏಣಿಯ ನೀರಿನ ಬಾಟಲಿ ಮತ್ತು ಪೌಡರ್ ಡಬ್ಬ ಜಪ್ತಿ ಮಾಡಿ, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಮುಂಬಾಗಿಲ ಪಕ್ಕದ ಗೋಡೆಯ ಮೇಲೆ ಹೃದಯದ ಗುರುತಿದ್ದ, ಶಾಕ್ ಯಂತ್ರ ಇಡುವ ಲೋಹದ ಪೆಟ್ಟಿಗೆಯಿತ್ತು. ಕಾವಲುಗಾರ ತನ್ನ ಕೋಣೆಯ ಮೊಳೆಯಿಂದ ಕೀಲಿ ತಂದು ಅದನ್ನು ತೆರೆದ. ಪೆಟ್ಟಿಗೆ ಖಾಲಿ.

"ಅವತ್ತು ಬಳಸಿದ್ರಲ್ಲ ಮೇಡಂ," ಎಂದ ಅವನು. "ಆಂಬುಲೆನ್ಸ್ ಜೊತೆ ಆಸ್ಪತ್ರೆಗೆ ಹೋಯ್ತು."

ಪೀಠಿಕೆ ಕನ್ನಡಕ ಏರಿಸಿ ಒಳಗೆ ಇಣುಕಿದರು. "ಮೇಡಂ, ಇಲ್ಲಿ ನೋಡಿ."

ಪೆಟ್ಟಿಗೆಯೊಳಗೆ ಮೂಲೆಯಿಂದ ಮೂಲೆಗೆ ದಟ್ಟವಾಗಿ ಜೇಡ ಬಲೆ ಕಟ್ಟಿತ್ತು. ಅದರಲ್ಲಿ ಒಣಗಿದ ಪತಂಗಗಳು, ಬಿಳಿ ಹತ್ತಿಯಂಥ ಮೊಟ್ಟೆಚೀಲ.

"ಎರಡು ದಿನದಲ್ಲಿ ಇಷ್ಟು ದೊಡ್ಡ ಸಂಸಾರ ಹೂಡಕ್ಕಾಗಲ್ಲ," ಎಂದರು ಪೀಠಿಕೆ. ಅಪರೂಪಕ್ಕೆ ಆ ಮಾತಿಗೆ ಪೀಠಿಕೆಯೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಕಾವಲುಗಾರನತ್ತ ತಿರುಗಿದರು. "ಯಂತ್ರ ಕೊನೇ ಸಲ ನೋಡಿದ್ದು ಯಾವಾಗ?"

"ದಿನಾ ನೋಡ್ತೀನಿ."

"ಯಂತ್ರಾನಾ, ಪೆಟ್ಟಿಗೇನಾ?"

ಅವನು ತಲೆ ಕೆರೆದುಕೊಂಡ. "ಪೆಟ್ಟಿಗೆ."

ಹಾಗಾದರೆ ಯಂತ್ರ ಪೆಟ್ಟಿಗೆಯಿಂದ ಹೋಗಿ ವಾರಗಳೇ ಕಳೆದಿದ್ದವು. ಆದರೂ ಭಾನುವಾರ ಸಂಜೆ ಅದು ಏಣಿಯ ಪಕ್ಕದಲ್ಲಿತ್ತು. ತಂದವರು ಯಾರೆಂದು ಕೋಚ್‌ಗೆ ನೆನಪಿರಲಿಲ್ಲ. "ನನ್ನ ಕಣ್ಣೆಲ್ಲ ಅವನ ಎದೆ ಮೇಲಿತ್ತು ಮೇಡಂ. ಯಂತ್ರ ಮಾತಾಡ್ತಿತ್ತು, ಅದು ಹೇಳಿದ ಹಾಗೆ ಮಾಡಿದ್ವಿ."

ಮಧ್ಯಾಹ್ನ ಆಸ್ಪತ್ರೆಯಲ್ಲಿ ಇಬ್ಬರು ವೈದ್ಯರು ಸಿಕ್ಕರು. ಒಬ್ಬರು ನಿವೃತ್ತಿಗೆ ಹತ್ತಿರವಿದ್ದ ಹೃದಯತಜ್ಞರು, ಇನ್ನೊಬ್ಬರು ಅವರ ಕೈಕೆಳಗಿನ ಯುವ ವೈದ್ಯೆ. ಇಬ್ಬರಿಗೂ ಒಮ್ಮತವಿರಲಿಲ್ಲ. ಅದನ್ನು ಇಬ್ಬರೂ ಮುಚ್ಚಿಡಲೂ ಇಲ್ಲ.

"ಪೌಡರ್‌ನಿಂದ ಆಗಿರಬಹುದಾ ಡಾಕ್ಟ್ರೇ?"

"ಆಗಬಹುದು. ಕೆಲವು ಉತ್ತೇಜಕ ಬೆರೆತಿದ್ರೆ," ಎಂದರು ಹಿರಿಯರು. "ಆದ್ರೆ ಕಾರಣ ಇದೊಂದೇ ಅಂತ ಹೇಳೋರನ್ನ ನಂಬಬೇಡಿ. ಎದೆಗೆ ಚೆಂಡು ಬಡಿದು ನಿಲ್ಲಬಹುದು. ಗುಂಡಿಗೆಯ ವಿದ್ಯುತ್ತಿನ ದಾರಿ ತಪ್ಪಿ ನಿಲ್ಲಬಹುದು. ಇವನದು ನನ್ನ ಪ್ರಕಾರ ಹುಟ್ಟಿನಿಂದ ಬಂದದ್ದು. ಗುಂಡಿಗೆಯ ಗೋಡೆ ದಪ್ಪ ಇದೆ."

"ಆಟಗಾರರಿಗೆ ಸ್ವಲ್ಪ ದಪ್ಪ ಆಗೇ ಆಗತ್ತೆ ಸರ್," ಎಂದರು ಯುವ ವೈದ್ಯೆ. "ಅವನಿಗೆ ಹದಿನೈದು ದಿನದ ಹಿಂದೆ ಜ್ವರ ಬಂದಿತ್ತು. ಜ್ವರ ಪೂರ್ತಿ ಬಿಡೋ ಮುಂಚೆ ಆಡಿದ್ದಾನೆ. ಗುಂಡಿಗೆಯ ಸ್ನಾಯು ಊದಿಕೊಂಡಿರಬಹುದು."

"ಅಷ್ಟು ದಪ್ಪ ಆಟದಿಂದ ಬರಲ್ಲಮ್ಮ."

"ಸ್ಕ್ಯಾನ್ ಬರ್ಲಿ ಸರ್."

"ಬರ್ಲಿ." ಹಿರಿಯರು ಇನ್ಸ್‌ಪೆಕ್ಟರ್ ಕಡೆ ನೋಡಿದರು. "ನಮ್ಮ ಜಗಳ ಕೇಳಿ ಗಾಬರಿ ಆಗಬೇಡಿ. ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ. ಆ ಯಂತ್ರ ಇನ್ನೊಂದೆರಡು ನಿಮಿಷ ತಡ ಆಗಿದ್ರೆ ನೀವು ನಮ್ಮ ಹತ್ತಿರ ಬರ್ತಿರಲಿಲ್ಲ, ಶವಾಗಾರಕ್ಕೆ ಹೋಗ್ತಿದ್ರಿ. ಒಂದು ಕೆಲಸ ಮಾಡಿ. ಅವರ ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ದಿಢೀರ್ ಅಂತ ತೀರ್ಕೊಂಡಿದ್ದಾರಾ, ಕೇಳಿ. ನಾನು ಅವನ ಅಕ್ಕನ್ನ ಕೇಳಿದೆ. ಉತ್ತರ ಹೇಳದೆ ಔಷಧಿ ತರ್ತೀನಿ ಅಂತ ಎದ್ದು ಹೋದ್ಲು."

ಯಂತ್ರ ತುರ್ತು ವಿಭಾಗದ ದಾದಿಯ ಬಳಿ ಇತ್ತು. ಅದಕ್ಕೊಂದು ಹೊದಿಕೆಯಿತ್ತು. ಎರಡು ಪದರ ಬಟ್ಟೆಯ ನಡುವೆ ಹತ್ತಿ ತುಂಬಿ, ಅಂಚಿಗೆ ಒತ್ತೊತ್ತಾಗಿ ಕೈಹೊಲಿಗೆ ಹಾಕಿ, ಬೇಗ ಬಿಚ್ಚಲು ಒಂದೇ ಗುಂಡಿ ಇಟ್ಟಿದ್ದರು.

"ಸರ್ಕಾರಿ ಸಾಮಾನಿಗೆ ಯಾರು ಇಷ್ಟು ಮುದ್ದು ಮಾಡ್ತಾರೆ?" ಎಂದಳು ಪೇದೆ. ಹೊದಿಕೆ ಮಗುಚಿದಾಗ ಒಳಪದರದಲ್ಲಿ ಅರ್ಧ ಕತ್ತರಿಸಿದ ಏಳರ ಅಂಕಿ ಕಂಡಿತು. ತಂಡದ ಹಳೆಯ ನೀಲಿ ಜೆರ್ಸಿಯ ಬಟ್ಟೆ.

ಸಂಜೆ ತಂಡದ ಅತಿ ಕುಳ್ಳ ಆಟಗಾರನನ್ನು ಪ್ರಶ್ನಿಸಿದರು. ಭಾನುವಾರ ಏಣಿಯ ತಲೆಯ ಬಳಿ ಮಂಡಿಯೂರಿದ್ದವನು ಅವನೇ.

"ಯಂತ್ರ ತಂದಿದ್ದು ಯಾರು?"

"ಅಕ್ಕ. ಅವನ ಅಕ್ಕ."

"ಯಾವ ಬಾಗಿಲಿಂದ ಬಂದ್ರು?"

ಅವನು ಕಣ್ಣು ಮುಚ್ಚಿ ಯೋಚಿಸಿದ. "ಹಿಂಬಾಗಿಲಿಂದ."

"ಪೆಟ್ಟಿಗೆ ಇರೋದು ಮುಂಬಾಗಿಲ ಹತ್ರ ಅಲ್ವಾ?"

ಎಲ್ಲಿಂದ ತಂದಳೆಂದು ಅವತ್ತು ಯಾರೂ ಕೇಳಿರಲಿಲ್ಲ. ತಂದದ್ದೇ ದೊಡ್ಡದಾಗಿತ್ತು.

ಕ್ರೀಡಾಂಗಣದ ಹಿಂಬದಿಯಲ್ಲಿ ಎರಡು ಕೋಣೆಯ ವಸತಿ. ಅಕ್ಕ ತಂಡದ ಬಟ್ಟೆ ಒಗೆದು, ಹರಿದದ್ದನ್ನು ಹೊಲಿದು ಕೊಡುವವಳು. ತಮ್ಮನೊಡನೆ ಅಲ್ಲೇ ವಾಸ. ವಯಸ್ಸು ಮೂವತ್ತೈದರ ಆಸುಪಾಸು. ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ಪೇದೆಯೊಡನೆ ಹೋದಾಗ ಅವಳು ಆಸ್ಪತ್ರೆಗೆ ಕೊಂಡೊಯ್ಯಲು ತಮ್ಮನ ಬಟ್ಟೆ ಮಡಿಸುತ್ತಿದ್ದಳು. ಇನ್ಸ್‌ಪೆಕ್ಟರ್ ಹೊದಿಕೆಯನ್ನು ಮೇಜಿನ ಮೇಲಿಟ್ಟರು. ಅವಳು ಅದನ್ನು ನೋಡಿದಳು, ಮಡಿಸುತ್ತಿದ್ದ ಅಂಗಿಯನ್ನು ಪೂರ್ತಿ ಮಡಿಸಿಟ್ಟಳು, ಆಮೇಲೆ ಕೂತಳು.

"ಯಂತ್ರ ಇಲ್ಲಿತ್ತಾ?"

"ಇತ್ತು. ಅವನ ಮಂಚದ ಕೆಳಗೆ."

"ಯಾವಾಗಿಂದ?"

"ಎರಡು ತಿಂಗಳಾಯ್ತು. ಕಾವಲಿನವರು ಊಟಕ್ಕೆ ಹೋದಾಗ ಕೀಲಿ ತಗೊಂಡೆ."

"ಯಾಕೆ?"

"ನಮ್ಮಪ್ಪ ಹೋದಾಗ ನಂಗೆ ಹನ್ನೊಂದು. ಇವನಿನ್ನೂ ತೊಟ್ಟಿಲಲ್ಲಿದ್ದ. ಅಪ್ಪನೂ ಹೀಗೇ ಎತ್ತರ, ಗಟ್ಟಿಮುಟ್ಟು. ಒಂದಿನ ಬೆಳಗಿನ ಜಾವ ನಿದ್ದೇಲೇ ಹೋಗ್ಬಿಟ್ರು. ಅಮ್ಮ ಎಬ್ಬಿಸ್ತಾನೇ ಇದ್ಲು. ಹೋದ ವರ್ಷ ನಂಗೆ ತಲೆ ಸುತ್ತಿ ಬಿದ್ದಾಗ ಬೇರೆ ಆಸ್ಪತ್ರೇಲಿ ಸ್ಕ್ಯಾನ್ ಮಾಡಿದ್ರು. ಗುಂಡಿಗೆ ಗೋಡೆ ದಪ್ಪ ಇದೆ, ಇದು ವಂಶದಲ್ಲಿ ಬರತ್ತೆ, ನಿಮ್ಮ ತಮ್ಮನ್ನೂ ಕರ್ಕೊಂಡ್ಬನ್ನಿ ಅಂದ್ರು."

"ಕರ್ಕೊಂಡು ಹೋಗ್ಲಿಲ್ಲ."

"ಹೋಗಿದ್ರೆ ಆಟ ಬಿಡಿಸ್ತಿದ್ರು. ದೇಶದ ತಂಡದ ಆಯ್ಕೆ ಮುಂದಿನ ತಿಂಗಳು. ಅದೊಂದು ಮುಗೀಲಿ, ಆಮೇಲೆ ಹೇಳೋಣ ಅಂತ..." ಅವಳ ದನಿ ಇಳಿಯಿತು. "ಅಪ್ಪ ನಿದ್ದೇಲಿ ಹೋಗಿದ್ದಲ್ವಾ, ಇವನಿಗೂ ಹಾಗೇ ಆಗತ್ತೆ ಅನ್ಕೊಂಡೆ. ಆಟದಂಗಳದಲ್ಲಿ ಹತ್ತಾರು ಜನ ಇರ್ತಾರೆ. ಮನೇಲಿ ನಾನೊಬ್ಬಳೇ. ಹಾಸಿಗೆ ಸುರುಳಿ ಸುತ್ತಿ, ಅದ್ರ ಮೇಲೆ ಒತ್ತೋದು, ಯಂತ್ರ ಹಚ್ಚೋದು ಅಭ್ಯಾಸ ಮಾಡ್ದೆ. ಭಾನುವಾರ ಬಟ್ಟೆ ಹಿಂಡ್ತಿದ್ದೆ. ಒಳಗೆ ಚೆಂಡಿನ ಸದ್ದು ಒಂದೇ ಸಲ ನಿಂತ್ಹೋಯ್ತು."

"ಈ ಎರಡು ತಿಂಗಳಲ್ಲಿ ಬೇರೆ ಯಾರಾದ್ರೂ ಬಿದ್ದಿದ್ರೆ?"

ಅವಳು ಮುಖ ಮುಚ್ಚಿಕೊಂಡಳು. ಪೇದೆ ಒಂದು ಲೋಟ ನೀರು ತಂದುಕೊಟ್ಟಳು.

ಶುಕ್ರವಾರ ಪ್ರಯೋಗಾಲಯದ ವರದಿ ಬಂತು. ಪೌಡರಿನಲ್ಲೂ ಬಾಟಲಿಯಲ್ಲೂ ಆಕ್ಷೇಪಾರ್ಹವಾದದ್ದೇನೂ ಇರಲಿಲ್ಲ. ಅಂಗಡಿಯವನನ್ನು ಕರೆಸಿ ವಿಷಯ ತಿಳಿಸಿದಾಗ ಅವನು, "ಪೊಲೀಸರೇ ಪರೀಕ್ಷಿಸಿದ ಪೌಡರ್ ಅಂತ ಬೋರ್ಡ್ ಹಾಕ್ಬಹುದಾ ಮೇಡಂ?" ಎಂದು ಕೇಳಿ ಪೀಠಿಕೆಯಿಂದ ದೀರ್ಘವಾಗಿ ಬೈಸಿಕೊಂಡ. ಅದೇ ದಿನ ಸ್ಕ್ಯಾನ್ ವರದಿಯೂ ಬಂತು. ಊತ ಇರಲಿಲ್ಲ, ಹುಟ್ಟಿನಿಂದ ಬಂದದ್ದೇ.

"ಒಪ್ಕೊಂಡೆ ಸರ್," ಎಂದರು ಯುವ ವೈದ್ಯೆ. "ಆದ್ರೆ ಇವನು ಸಾವಿರಾರು ಸಲ ಹಾರಿದ್ದಾನೆ. ಆ ಭಾನುವಾರವೇ ಯಾಕೆ?"

"ಗೊತ್ತಿಲ್ಲ," ಎಂದರು ಹಿರಿಯರು. "ಅದು ಗೊತ್ತಾಗಿದ್ರೆ ನಾವೆಲ್ಲ ಮನೆಗೆ ಹೋಗಿ ಮಲಗಬಹುದಿತ್ತು."

ಕೋಚ್ ದೂರು ವಾಪಸ್ ತೆಗೆದುಕೊಳ್ಳಲು ಓಡಿ ಬಂದರು. ಎಫ್‌ಐಆರ್ ಹಾಗೆಲ್ಲ ಹರಿದುಹಾಕುವ ಕಾಗದವಲ್ಲ ಎಂದು ಇನ್ಸ್‌ಪೆಕ್ಟರ್ ತಿಳಿಸಿ ಹೇಳಿದರು. ಕಲಬೆರಕೆಯ ಆರೋಪ ಕೈಬಿಟ್ಟು, ಕಳವಿನ ಆರೋಪ ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ಶನಿವಾರ ಬೆಳಿಗ್ಗೆ ಎಂಟಕ್ಕೆ ಅಕ್ಕನ ದಸ್ತಗಿರಿ ಆಯಿತು. ಕೈಕೋಳವಿರಲಿಲ್ಲ. ಪೇದೆ ಅವಳ ಪಕ್ಕದಲ್ಲಿ ಗೆಳತಿಯಂತೆ ನಡೆದಳು.

"ಕೋರ್ಟಿಗೆ ಮುಂಚೆ ಅವನ್ನ ಒಂದ್ಸಲ ನೋಡ್ಬಹುದಾ?" ಎಂದಳು ಅಕ್ಕ. "ಬೇರೆಯವರ ಬಾಯಿಂದ ಅವನಿಗೆ ಗೊತ್ತಾಗೋದು ಬೇಡ."

ಇನ್ಸ್‌ಪೆಕ್ಟರ್ ಜೀಪನ್ನು ಆಸ್ಪತ್ರೆಯ ಕಡೆ ತಿರುಗಿಸಲು ಹೇಳಿದರು.

ಏಣಿ ಮಂಚದ ಆಚೆಗೆ ಕಾಲು ಚಾಚಿಕೊಂಡು ಮಲಗಿದ್ದ. ಅಕ್ಕ ನಿಂತೇ ಎಲ್ಲ ಹೇಳಿದಳು: ಅಪ್ಪನದು, ಸ್ಕ್ಯಾನಿನದು, ಯಂತ್ರದ್ದು. ಅವನು ಛಾವಣಿ ನೋಡುತ್ತ ಕೇಳಿದ. ಆಟ ಮುಗಿಯಿತೆಂದು, ಎದೆಯೊಳಗೆ ಒಂದು ಸಣ್ಣ ಯಂತ್ರ ಕೂರಿಸುತ್ತಾರೆಂದು ವೈದ್ಯರು ಅವನಿಗೆ ಆಗಲೇ ಹೇಳಿದ್ದರು. ಕೋಪ ಬರುತ್ತದೆಂದು ಎಲ್ಲರೂ ಕಾದರು.

"ನಿಂಗೂ ಇದ್ಯಾ ಅಕ್ಕಾ?" ಎಂದ.

"ಇದೆ ಅಂದ್ನಲ್ಲ."

"ಮಾತ್ರೆ ತಗೋತಿದ್ದೀಯಾ?"

ಅವಳು ಬಗ್ಗಿ ಅವನ ದಿಂಬು ಸರಿಮಾಡಿದಳು.

"ಮಂಚದ ಕೆಳಗೆ ಇಟ್ಕೊಂಡ್ಯಲ್ಲ, ನಿಂಗೇ ಆಗಿದ್ರೆ? ನಾನೇನ್ ಮಾಡ್ತಿದ್ದೆ? ಅಲ್ಲೊಂದು ಯಂತ್ರ ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ವಲ್ಲೇ! ನಿನ್ನ ಮುಖಕ್ಕೆ ನೀರು ಚಿಮುಕಿಸ್ತಾ ಕೂತಿರ್ತಿದ್ದೆ." ಅವನ ಕಣ್ಣು ತುಂಬಿದವು. "ನಿಂಗೆ ಬುದ್ಧಿ ಅನ್ನೋದು ಒಂದ್ ಚೂರಾದ್ರೂ ಇದ್ಯಾ?"

ತಾನೂ ಬೀಳಬಹುದು ಎಂಬುದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲವೆಂದು ಅವಳ ಮುಖ ನೋಡಿದವರಿಗೆಲ್ಲ ತಿಳಿಯಿತು.

ಹನ್ನೊಂದೂವರೆಗೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು. ತಪ್ಪನ್ನು ಒಪ್ಪಿಕೊಳ್ಳುತ್ತೇನೆ ಎಂದಳು. ಕೋಚ್ ಜಾಮೀನು ನಿಂತರು. ಕೇಸ್ ಡೈರಿಯಲ್ಲಿ ಇನ್ಸ್‌ಪೆಕ್ಟರ್ ಬರೆದದ್ದು ನಾಲ್ಕೇ ಸಾಲು: ಆರೋಪಿಯು ಸ್ವಂತ ಲಾಭಕ್ಕಾಗಿ ಕೃತ್ಯ ಎಸಗಿಲ್ಲ. ತಂದೆಯ ಸಾವನ್ನು ಕಣ್ಣಾರೆ ಕಂಡ ಭಯ, ತಮ್ಮನ ಆಟವನ್ನು ಕಿತ್ತುಕೊಳ್ಳಲಾರದ ಮಮತೆ, ಇವೆರಡರ ನಡುವೆ ಸಿಕ್ಕಿ ಸಾರ್ವಜನಿಕ ಸ್ವತ್ತನ್ನು ಕದ್ದಿದ್ದಾಳೆ. ಕದ್ದದ್ದರಿಂದ ಇತರರಿಗೆ ಅಪಾಯವಿತ್ತು. ಅದನ್ನೇ ತಂದು ಒಂದು ಜೀವ ಉಳಿಸಿದ್ದಾಳೆ.

ಅಂದು ಸಂಜೆ ಯುವ ವೈದ್ಯೆ ಅಕ್ಕನನ್ನು ಪರೀಕ್ಷೆಯ ಮಂಚದ ಮೇಲೆ ಮಲಗಿಸಿ ಎದೆಗೆ ತಂತಿಗಳನ್ನು ಅಂಟಿಸಿದರು. ಏಣಿ ಹಟ ಹಿಡಿದು ಹಾಲಿನ ಲೋಟದೊಂದಿಗೆ ಗಾಲಿಕುರ್ಚಿಯಲ್ಲಿ ಬಂದಿದ್ದ. ಮೊಣಕಾಲು ಎರಡೂ ಗಲ್ಲಕ್ಕೆ ತಾಗುವಂತೆ ಮುದುಡಿ ಕೂತು, ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆಯನ್ನೇ ನೋಡುತ್ತಿದ್ದ.

"ಏನೋ ಹಾಗೆ ನೋಡ್ತಿದ್ದೀಯ?" ಎಂದು ಅಕ್ಕ ಮಲಗಿದಲ್ಲಿಂದಲೇ ಗದರಿದಳು. "ಹಾಲು ಆರಿಹೋಗತ್ತೆ, ಕುಡಿ."

"ನೀನು ಅಲುಗಾಡಬೇಡ," ಎಂದ ಅವನು. "ಗೆರೆ ಕೆಡತ್ತೆ."