ಖಂಡೂ ರಾವುತನ ಹಾಳೆ

“ಹಾಳಿ ಇಲ್ಲರಿ! ಯಾರೋ ಕೊಯ್ದಾರ!”

ಹೆಳವರ ಸಾಯಬಣ್ಣ ವಂಶಾವಳಿಯ ಪುಸ್ತಕ ಹಿಡಿದು ಧೊಂಡಿಬಾನ ಅಂಗಳದಲ್ಲಿ ಕುಸಿದು ಕೂತ. ಮನೆಮನೆಯ ಹಿರಿಯರ ಹೆಸರು ಬರೆದಿಟ್ಟು, ಓದಿ ಹೇಳುವುದು ಅವನ ಕಸುಬು. ಎಪ್ಪತ್ತೊಂಬತ್ತನೆಯ ಹಾಳೆಯಾದ ಮೇಲೆ ಎಂಬತ್ತೊಂದು. ಔರಾದಿನ ಈ ಮನೆತನದ ಎಂಬತ್ತನೆಯ ಹಾಳೆಯೇ ಮಾಯ!

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಒಂದು ತಿಂಗಳಾಗಿತ್ತು. ಧೊಂಡಿಬಾನ ಮೊಮ್ಮಗಳು ಪುತಳಾಬಾಯಿಗೂ ಭಾಲ್ಕಿಯ ದತ್ತಾತ್ರಿಗೂ ಲಗ್ನದ ಮಾತು ನಡೆದಿತ್ತು. ಅಷ್ಟರಲ್ಲೊಂದು ತೊಡಕು. ಅಷ್ಟೂರಿನಿಂದ ಕುದುರೆ ಏರಿ ಬಂದ ಖಂಡೂ ರಾವುತ ತಮ್ಮ ಮೂಲಪುರುಷನೆಂದು ಧೊಂಡಿಬಾ ಊರೆಲ್ಲ ಹೇಳಿಕೊಂಡವನು. ಭಾಲ್ಕಿಯವರ ಮೂಲಪುರುಷನೂ ಅದೇ ಖಂಡೂ! ಹಾಗಾದರೆ ಹುಡುಗ ಹುಡುಗಿ ಅಣ್ಣ ತಂಗಿ. ಹೆಳವನ ಪುಸ್ತಕವೇ ತೀರ್ಮಾನಿಸಲಿ ಎಂದು ಹಿರಿಯರು ಒಪ್ಪಿದ್ದರು.

ಸಾಕ್ಷಿಗೆಂದು ಬೀದರದಿಂದ ಬಂದಿದ್ದ ಮಕ್ಬೂಲ ಚಹಾದ ಬಸಿ ಕೆಳಗಿಟ್ಟ. ನಿಜಾಮರ ಕಾಲದಲ್ಲಿ ಪೊಲೀಸ್ ಅಮೀನನಾಗಿದ್ದವನು. ಧೊಂಡಿಬಾನ ಹಳೆಯ ಗೆಳೆಯ.

“ಪುಸ್ತಕ ಎಲ್ಲಿತ್ತು, ಸಾಯಬಣ್ಣ?”

“ಪಡಸಾಲ್ಯಾಗ್ರಿ. ಮುಂಜಾನಿ ಎತ್ತಿಗಿ ನೀರು ಕುಡಸಲಾಕ ಹೋಗಿದ್ನಿ.”

“ಹಾಳ್ಯಾಗ ಏನಿತ್ತು?”

“ಗೊತ್ತಿಲ್ರಿ. ನಮ್ಮಪ್ಪ ಬರದದ್ದು. ಮನಿಮಂದಿ ಮುಂದ ಬಿಚ್ಚಿ ಓದೂದು ನಮ್ಮ ಪದ್ಧತಿ.”

ಹಿಂದಿನ ರಾತ್ರಿ ಪಡಸಾಲೆಯಲ್ಲಿ ಮಲಗಿದ್ದವನು, ಓದು ಕೇಳಲೆಂದು ಭಾಲ್ಕಿಯಿಂದ ಬಂದಿದ್ದ ದತ್ತಾತ್ರಿ. ಎಲ್ಲರ ಕಣ್ಣು ಅವನ ಮೇಲೆ ಬಿತ್ತು.

“ಒಂದೇ ವಂಶ ಅಂತಾದ್ರ ಲಗ್ನ ಮುರೀತದ,” ಎಂದ ಮಕ್ಬೂಲ. “ಹಾಳಿ ಹೋದ್ರ ನಿನಗ ಫಾಯದಾ ಅಲ್ಲೇನು?”

“ಏನ್ ಫಾಯದಾರಿ ಸಾಹೇಬ್ರ? ಹಾಳಿ ನೋಡದ ನಮ್ಮ ಕಾಕಾ ಹೂಂ ಅನ್ನಂಗಿಲ್ಲ!”

ಮಕ್ಬೂಲ ಪುಸ್ತಕ ಅವನ ಮುಂದೆ ಹಿಡಿದ. “ಓದು.”

ದತ್ತಾತ್ರಿ ಕಣ್ಣು ಕಿರಿದು ಮಾಡಿದ. “ಇದು ಮೋಡಿ ಅಕ್ಷರರಿ, ಮರಾಠಿ ಸಾವಕಾರ್ರು ಲೆಕ್ಕಾ ಬರಿಯೂ ಲಿಪಿ. ನಾ ಕಲ್ತದ್ದು ಉರ್ದು. ಕನ್ನಡ ಈಗ ಕಲ್ಯಾಕತ್ತೀನಿ.”

“ನೀ, ಪುತಳಾ?”

“ನಾ ಸಾಲೀನೇ ನೋಡಿಲ್ರಿ.”

“ಧೊಂಡಿಬಾ?”

“ನಾನೂ ಸಾಲಿ ಕಟ್ಟಿ ಹತ್ತಿದಾಂವಲ್ಲ.”

ಮಕ್ಬೂಲ ಎದ್ದು ಅಡ್ಡಾಡಿದ. ಪೇಟೆಗೆ ಒಯ್ಯಲೆಂದು ಗೋಡೆಗೆ ಒರಗಿಸಿದ್ದ ಕಂಬಳಿ ಗಂಟುಗಳ ಮುಂದೆ ಬಗ್ಗಿ ನಿಂತ. ಗಂಟಿಗೊಂದು ಚೀಟಿ.

“ಪುತಳಾ, ಈ ಗಂಟು ಯಾರು ಕಟ್ತಾರ?”

“ಮುತ್ಯಾ. ಬ್ಯಾರೇದವ್ರಿಗೆ ಕೈ ಹಚ್ಚಲಾಕ ಬಿಡಂಗಿಲ್ಲ.”

ಮಕ್ಬೂಲ ನಕ್ಕು ತಿರುಗಿದ.

“ಇನ್ನೂರು ಹಾಳಿ ಪುಸ್ತಕ. ಹೋಗಿದ್ದು ಒಂದೇ—ಬೇಕಾದ್ದು. ಅಂದ್ರ ಕಳ್ಳ ಮೋಡಿ ಓದಬಲ್ಲಾಂವ. ಸಾಯಬಣ್ಣಗ ಬರ್ತದ, ಖರೆ. ಆದ್ರ ತನ್ನ ಪುಸ್ತಕ ತಾನ ಕೆಡಿಸಿದ್ರ ನಾಳೆ ಅವನ್ನ ಯಾರು ಕರೀತಾರ? ಮತ್ಯಾರು? ಈ ಚೀಟಿ ಎಲ್ಲರೂ ದಿನಾ ನೋಡ್ತೀರಿ. ಅದರ ಮ್ಯಾಲಿನ ಅಕ್ಷರ ಯಾರೂ ನೋಡಲಿಲ್ಲ. ಮೋಡಿ! ಧೊಂಡಿಬಾ, ನೀ ಸುಳ್ಳು ಹೇಳಿಲ್ಲ. ಸಾಲಿ ಹತ್ತಿಲ್ಲ, ಕಂಬಳಿ ಮಾರಕೋತ ಉದಗೀರ ಪ್ಯಾಟ್ಯಾಗ ಕಲ್ತಿ. ಹಾಳಿ ಕೊಯ್ದಾಂವ ನೀನ!”

ಧೊಂಡಿಬಾ ನಿಧಾನವಾಗಿ ತಲೆಯ ರುಮಾಲು ಬಿಚ್ಚಿದ. ಮಡಿಕೆಯೊಳಗೆ ಹಾಳೆ.

“ಸುಡಬೇಕಂತಿದ್ನಿ. ಹಿರ್ಯಾರ ಹೆಸರು… ಕೈ ಬರಲಿಲ್ಲ.”

ಸಾಯಬಣ್ಣ ಓದಿದ. ಈ ಮನೆಯ ಮೂಲಪುರುಷ ರಾವುತನಲ್ಲ, ಅಷ್ಟೂರಿನವನೂ ಅಲ್ಲ. ನಾಂದೇಡ ಕಡೆಯ ತಮಾಷಾ ಮೇಳದಲ್ಲಿ ಹೆಣ್ಣುವೇಷ ಕಟ್ಟುತ್ತಿದ್ದ ಕುಣಿತಗಾರ. ಬೀದರ ಕೋಟೆಯ ಸರದಾರನೊಬ್ಬ ಅವನನ್ನು ನಿಜವಾದ ಹೆಣ್ಣೆಂದೇ ನಂಬಿ ಲಗ್ನಕ್ಕೆ ಹೇಳಿಕಳಿಸಿದ. ಹೆದರಿದವನು ಉಟ್ಟ ಸೀರೆಯಲ್ಲೇ ಕತ್ತೆ ಏರಿ ಔರಾದಿಗೆ ಓಡಿಬಂದ. ಕುರಿಗಾರರು ಅಡಗಿಸಿಟ್ಟರು, ಮಗಳನ್ನೂ ಕೊಟ್ಟರು.

“ರಾವುತ ನಮ್ಮಜ್ಜ ಕಟ್ಟಿದ ಮಾತು,” ಧೊಂಡಿಬಾ ತಲೆ ತಗ್ಗಿಸಿದ. “ನಾನೂ ಅದನ್ನ ಹೇಳಕೋತ ಬಂದ್ನಿ. ಹಾಳಿ ಹೊರಬಿದ್ರ ಮೊಮ್ಮಗಳ ಲಗ್ನ ಆಗ್ತಿತ್ತು. ಗೊತ್ತಿದ್ದೂ ಮುಚ್ಚಿಟ್ನಿ. ತಪ್ಪಾಯ್ತು, ಪುತಳಾ.”

ಪುತಳಾಬಾಯಿಯ ಕಣ್ಣು ತುಂಬಿತ್ತು. ಅದರ ನಡುವೆಯೇ ಅವಳು ಕಿಸಕ್ಕನೆ ನಕ್ಕಳು.

“ಸೀರಿ ಉಟಗೊಂಡು ಕತ್ತಿ ಮ್ಯಾಲರಿ, ಮುತ್ಯಾ? ಇಂಥಾ ಅಜ್ಜನ್ನ ಮುಚ್ಚಿಟ್ಟಿರ್ಯಾ?”

“ವಂಶ ಬ್ಯಾರೆ ಆತಲ್ಲ, ಇನ್ನ ನಮ್ಮ ಕಾಕಾ ಹೂಂ ಅಂತಾನ!” ದತ್ತಾತ್ರಿಯೂ ತಡೆಯಲಾರದೆ ನಕ್ಕ. ಅಂಗಳವೆಲ್ಲ ನಕ್ಕಿತು.

ಸಾಯಬಣ್ಣ ಹಾಳೆಯನ್ನು ಪುಸ್ತಕಕ್ಕೆ ಮತ್ತೆ ಹೊಲಿದು, ಲಗ್ನದ ಸಾಲು ಬರೆಯಲು ಕೂತ. “ಪುತಳಾಬಾಯಿ, ಔರಾದದಿಂದ ಭಾಲ್ಕಿಗೆ… ರಾಜ್ಯ ಯಾವುದು ಬರೀಲ್ರಿ?”

“ಮೈಸೂರು,” ಎಂದ ಧೊಂಡಿಬಾ. “ಕೆಳಗ ಇದನ್ನೂ ಬರಿ: ಇವಳ ಮುತ್ಯಾ ಹಾಳಿ ಕದ್ದು ಸಿಕ್ಕಬಿದ್ದ. ಮುಂದಿನ ಮಂದಿ ನನ್ನನ್ನೂ ನೆನಸಿ ನಗಲಿ.”